ಪಂಪ್‌ಫ್ರೆಯವರಿಗಾಗಿ ಬಾರಿಸಿದ ಸಾವಿನ ಗಂಟೆಯ ಕುರಿತು

ಲಂಡನ್ ಮಹಾನಗರದ ನಿವಾಸಿಗಳೂ, ನಗೆಗಾದಂಬರಿಗಳ ಕರ್ತರೂ, ವಕೀಲರು, ವೈದ್ಯರು, ಜಮೀನ್ದಾರರು ಮುಂತಾದ ದೊಡ್ಡವರ ಬೆವರಿಳಿಸುವವರೂ ಆದ ಶ್ರೀಮಾನ್ ಲ್ಯಾಂಬರ್ಟ್ ಕ್ವಿಲ್ಟರ್ ಅವರಿಗೆ,

ಮಾನ್ಯರೇ,

ತಮ್ಮ ಲೇಖನಿಗೆ ಹಂಸದ ಗರಿಯ ಕೊರತೆ ಎಂದೂ ಬಾರದಿರಲಿ, ತಮ್ಮ ಕಾಲ್ಬೆರಳಿನ ಕೀಲುನೋವು ಬಲಗೈಗೆ ಏರದಿರಲಿ ಎಂದು ಮೊದಲು ಹಾರೈಸಿ, ನೆದರ್ ಪಾಡಲ್ ಎಂಬ ಸಣ್ಣ ಊರಿನ ಚರ್ಚಿನ ಗುಮಾಸ್ತನಾದ ನಾನು ಈ ಪತ್ರವನ್ನು ನಮ್ಮ ಜಿಲ್ಲೆಯ ವಾರಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇದಕ್ಕೆ ಮುಂಚೆ ತಮ್ಮ ವಿಳಾಸಕ್ಕೇ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಅವು ತಮ್ಮ ಒಲೆ ಹೊತ್ತಿಸಲು ಒದಗಿದ್ದರೆ, ನಮ್ಮೂರಿನಿಂದ ಸಾಹಿತ್ಯಕ್ಕೆ ಅಷ್ಟಾದರೂ ಸೇವೆ ಸಂದಿತೆಂದು ತೃಪ್ತಿಪಡುತ್ತೇನೆ.

ತಾವು ಬರೆದ ಹಲ್ಲು ಕೀಳುವ ಪಂಪ್‌ಫ್ರೆಯವರ ಚರಿತ್ರೆಯ ಮೂರೂ ಸಂಪುಟಗಳನ್ನು ನಮ್ಮೂರಿನ ಕಮ್ಮಾರಸಾಲೆಯಲ್ಲಿ, ಶನಿವಾರ ಸಂಜೆ ಕೆಲಸ ಮುಗಿದ ಮೇಲೆ, ಗಟ್ಟಿಯಾಗಿ ಓದಿದವನು ನಾನೇ. ಕೇಳುವವರಲ್ಲಿ ಓದು ಬಲ್ಲವರು ಕಡಿಮೆ, ನಗಬಲ್ಲವರು ಹೆಚ್ಚು. ಮೊದಲ ಸಂಪುಟದಲ್ಲಿ ಗಂಡಾಗಿದ್ದ ಪಂಪ್‌ಫ್ರೆಯವರ ಕುದುರೆ ಎರಡನೆಯದರಲ್ಲಿ ಮರಿ ಹಾಕಿದಾಗಲೂ, ನೇರವಾಗಿ ಬ್ರಿಸ್ಟಲ್‌ಗೆ ಹೊರಟ ಗಾಡಿಯನ್ನು ತಾವು ನಡುದಾರಿಯಲ್ಲಿ ನಿಲ್ಲಿಸಿ ಅಂಗಿಯ ಗುಂಡಿಗಳ ಇತಿಹಾಸವನ್ನು ಒಂದಿಡೀ ಅಧ್ಯಾಯ ಹೇಳಿದಾಗಲೂ, ಒಂದು ಸಂಪುಟದಿಂದ ಇನ್ನೊಂದು ಸಂಪುಟಕ್ಕೆ, ಓದುಗರು ಮದುವೆಯಾಗಿ ಮಕ್ಕಳನ್ನು ಹಡೆಯುವಷ್ಟು ಅಂತರ ಬಿಟ್ಟಾಗಲೂ ನಾವು ದೂರಲಿಲ್ಲ. ದೊಡ್ಡ ಲೇಖಕರಿಗೆ ಕುದುರೆಯ ಲಿಂಗ, ಗಾಡಿಯ ದಾರಿ, ಓದುಗರ ಆಯುಷ್ಯ ಇಂಥ ಸಣ್ಣ ವಿಷಯಗಳು ಕಾಣುವುದಿಲ್ಲವೆಂದು ನಾವೇ ಸಮಾಧಾನ ಮಾಡಿಕೊಂಡೆವು.

ಆದರೆ ಮೂರನೆಯ ಸಂಪುಟದ ಕೊನೆಯ ಪುಟದಲ್ಲಿ ತಾವು ಮಾಡಿದ್ದನ್ನು ಸಮಾಧಾನದಿಂದ ಹೇಗೆ ಹೇಳಲಿ? ತನ್ನ ಬಾಯಿಂದ ಮೂರು ತಪ್ಪು ಹಲ್ಲುಗಳನ್ನು ಕಿತ್ತರೂ ಆ ಮನುಷ್ಯನನ್ನೇ ಮದುವೆಯಾಗಲು ಒಪ್ಪಿದ ವಿಧವೆ ಟಾಪ್ಸೆಲ್ ಅವರ ಪಕ್ಕದಲ್ಲಿ, ಅವರ ಮದುವೆಯ ಊಟದ ಮೇಜಿನಲ್ಲೇ, ಬಾತುಕೋಳಿಯ ಮೂಳೆಯೊಂದನ್ನು ಪಂಪ್‌ಫ್ರೆಯವರ ಗಂಟಲಿಗೆ ಸಿಕ್ಕಿಸಿ, ಎರಡೇ ಸಾಲಿನಲ್ಲಿ ಅವರನ್ನು ಮುಗಿಸಿಬಿಟ್ಟಿರಿ. ನಾನು ಓದಿ ನಿಲ್ಲಿಸಿದೆ. ಕಮ್ಮಾರ ರೂಬೆನ್ ಸ್ಟಾಕ್ ತಿದಿಯ ಹಿಡಿ ಬಿಟ್ಟು ಎದ್ದು ನಿಂತ.

“ಸತ್ತೋದ್ನಾ? ಇನ್ನೊಂದ್ಸಲ ಓದಿ ಗುಮಾಸ್ತ್ರೇ. ಸರಿಯಾಗಿ ಓದಿ.”

ಓದಿದೆ. ಎಷ್ಟು ಸಲ ಓದಿದರೂ ಪಂಪ್‌ಫ್ರೆಯವರು ಸತ್ತೇ ಇದ್ದರು.

“ನಮ್ಮ ಮಾವ ಸತ್ತಾಗ್ಲೂ ನಂಗೆ ಹಿಂಗಾಗಿರ್ಲಿಲ್ಲ ಕಣ್ರೀ. ಗಂಟೆ ಹೊಡೀಬೇಕು.”

ಚಮ್ಮಾರ ನೋಲ್ ಟಿಬೆಟ್ ಮೂಗೊರೆಸಿಕೊಂಡು, “ಯಾರಿಗೋ? ಪುಸ್ತಕದಲ್ಲಿರೋನ್ಗಾ?” ಎಂದ.

“ನಿಮ್ಮಪ್ಪನಿಗೆ ಗಂಟೆ ಹೊಡೆದ್ವಲ್ಲ, ಅವನಿಂದ ಊರಿಗೆ ಏನಾಗಿತ್ತು? ಇವ್ನು ನಮ್ಮನ್ನ ಎಷ್ಟು ವರ್ಷ ನಗಿಸಿಲ್ಲ!”

ಟಿಬೆಟ್ ಟೋಪಿ ಹಾಕಿಕೊಂಡ. ಅವನ ತಂದೆಯನ್ನು ಬಲ್ಲ ನಾನೂ ಹಾಕಿಕೊಂಡೆ. ಎಲ್ಲರೂ ಗೋಪುರದ ಕಡೆ ನಡೆದರು. ಗೋಪುರದ ಕೀಲಿಕೈ ನನ್ನ ಸೊಂಟದಲ್ಲಿತ್ತು; ನನ್ನ ಸೊಂಟವೂ ಅವರ ಜೊತೆಗೇ ಹೋಯಿತು.

ನಗರವಾಸಿಗಳಾದ ತಾವು ಮರೆತಿರಬಹುದಾದ ಮಾತೊಂದನ್ನು ಇಲ್ಲಿ ನೆನಪಿಸಬೇಕು. ನಮ್ಮಲ್ಲಿ ಗಂಡಸು ಸತ್ತರೆ ಮೂರು ಮೂರರಂತೆ ಒಂಬತ್ತು ಪೆಟ್ಟು, ಆಮೇಲೆ ಅವನ ವಯಸ್ಸಿಗೆ ವರ್ಷಕ್ಕೊಂದು ಪೆಟ್ಟು. ಊರಿನವರು ಮನೆಯಲ್ಲೇ ಕೂತು ಬೆರಳು ಮಡಿಸುತ್ತ ಹೋಗಿ, ಹೋದವರು ಯಾರೆಂದು ಲೆಕ್ಕ ಹಾಕಿಬಿಡುತ್ತಾರೆ. ಪಂಪ್‌ಫ್ರೆಯವರಿಗೆ ನಲವತ್ತೆಂಟು ಎಂದ ಮೂರನೆಯ ಸಂಪುಟವನ್ನು ನಂಬಿ ಸ್ಟಾಕ್ ಅಷ್ಟಕ್ಕೆ ಹಗ್ಗ ಬಿಟ್ಟ. ಆಗ ಟಿಬೆಟ್, ಮೊದಲ ಸಂಪುಟದಲ್ಲೇ ಪಂಪ್‌ಫ್ರೆಯವರಿಗೆ ಐವತ್ತೊಂದಾಗಿತ್ತು, ಅಲ್ಲಿಂದೀಚೆಗೆ ಕಥೆಯಲ್ಲಿ ಮೂರು ಚಳಿಗಾಲ ಕಳೆದಿವೆ, ಮನುಷ್ಯ ಸಾಯುತ್ತ ಚಿಕ್ಕವನಾಗುವುದುಂಟೇ ಎಂದು ಅಡ್ಡಬಂದ. ಅವನ ಲೆಕ್ಕ ಸರಿಯಾಗಿತ್ತು, ತಮ್ಮದು ತಪ್ಪಾಗಿತ್ತು. ಮೇಲೆ ಈ ತಕರಾರು ನಡೆಯುತ್ತಿದ್ದಾಗ ಕೆಳಗೆ, ಬಿಯರ್ ಕಾಯಿಸುವ ಹಾಬ್ಡೆಗೂ ನಲವತ್ತೆಂಟೇ ವರ್ಷವಾದ್ದರಿಂದ, ಅವನ ಹೆಂಡತಿ ಡಾರ್ಕಸ್ ಬೀದಿಗೆ ಓಡಿಬಂದು ಎದೆ ಬಡಿದುಕೊಳ್ಳುತ್ತಿದ್ದಳು.

“ಅಯ್ಯೋ, ಬಡ್ಕೊಂಡೆನಲ್ಲಾ, ಪೀಪಾಯಿ ಪಕ್ಕ ಮಲಗ್ಬೇಡ ಅಂತ! ಎಂಥಾ ಬಂಗಾರದಂಥ ಗಂಡ!”

ಅಷ್ಟರಲ್ಲಿ ಗಂಟೆ ನಿಂತಲ್ಲಿಂದ ಮತ್ತೆ ಮೊದಲಾಯಿತು. ನಲವತ್ತೊಂಬತ್ತು. ಐವತ್ತು. ಡಾರ್ಕಸ್ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡಳು.

“ಓ, ಬದುಕವ್ನಾ? ಬರ್ಲಿ ಮನೆಗೆ, ಮಾಡ್ತೀನಿ ಅವ್ನಿಗೆ!”

ಗಂಟೆ ಐವತ್ತನಾಲ್ಕಕ್ಕೆ ನಿಂತಿತು. ಅದು ನಮ್ಮ ಜಮೀನ್ದಾರರ ವಯಸ್ಸು. ಪಕ್ಕದ ಹಳ್ಳಿಯಲ್ಲಿದ್ದ ಅವರ ಸೋದರಳಿಯ ಕಪ್ಪು ಕೋಟು ತೊಟ್ಟು ಕುದುರೆ ಓಡಿಸಿಕೊಂಡು ಬಂದು, ಬಾಗಿಲು ತೆರೆದ ಮಾವನ ಮುಖವನ್ನೂ ನೋಡದೆ, “ಯಾವಾಗ ಹೋದ್ರು? ಬೀರು ಯಾರಾದ್ರೂ ಮುಟ್ಟಿದ್ರಾ?” ಎಂದು ಕೇಳಿದನಂತೆ. ಜಮೀನ್ದಾರರು ಮರುದಿನವೇ ಉಯಿಲು ತಿದ್ದಲು ವಕೀಲರನ್ನು ಕರೆಸಿದರು, ಉಪಕಾರ ನೆನೆದು ನನಗೆ ಒಂದು ಮೊಲವನ್ನೂ ಕಳುಹಿಸಿದರು. ಆದರೆ ದುರದೃಷ್ಟಕ್ಕೆ ಚರ್ಚಿನ ಆಡಳಿತ ಮಂಡಳಿಯಲ್ಲಿರುವವನು ಮಾವನಲ್ಲ, ಅಳಿಯ. ಅವನ ದೂರಿನ ಮೇಲೆ ಪಾದ್ರಿ ಲೇಕಾಕ್ ಅವರು ನನ್ನನ್ನು ಕರೆಸಿ, “ಹೆಣ ತೋರ್ಸು ಪಿಲ್ಬೀಮ್, ಇಲ್ಲಾಂದ್ರೆ ಕೀಲಿಕೈ ಇಡು” ಎಂದು ಒಂದೇ ಮಾತಿನಲ್ಲಿ ಹೇಳಿ, ಸಾಕ್ಷಿಗೆಂದು ಮೂರೂ ಸಂಪುಟಗಳನ್ನು ಕಸಿದುಕೊಂಡರು. ಮುಂದಿನ ಗುರುವಾರ ಮಂಡಳಿಯ ಸಭೆ. ನಮ್ಮ ತಾತನ ಕಾಲದಿಂದ ಬಂದ ಈ ಕೆಲಸ ಹೋದರೆ, ಕೆಲಸದ ಜೊತೆಗೆ ಬಂದ ಮನೆಯೂ ಹೋಗುತ್ತದೆ. ನನ್ನ ಹೆಂಡತಿ ಈಗಾಗಲೇ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದಾಳೆ, ಒಂದೊಂದು ಪಾತ್ರೆಗೂ ತಮ್ಮ ಹೆಸರನ್ನು ಒಂದೊಂದು ಸಲ ಸ್ಮರಿಸುತ್ತಿದ್ದಾಳೆ.

ಆದ್ದರಿಂದ ಮಾನ್ಯರೇ, ತಾವು ದಯಮಾಡಿ ಗುರುವಾರದೊಳಗೆ ಪಂಪ್‌ಫ್ರೆಯವರ ಹೆಣವನ್ನು ಕಳುಹಿಸಿಕೊಡಬೇಕು. ಅವರು ನಿಮ್ಮಲ್ಲಿಯೇ ಸತ್ತಿರುವುದರಿಂದ ಅದು ನಿಮ್ಮ ಬಳಿಯೇ ಇರಬೇಕೆಂಬುದು ನನ್ನ ಊಹೆ. ಅದು ಕಷ್ಟವೆಂದಾದರೆ, ನಾಲ್ಕನೆಯ ಸಂಪುಟವನ್ನು ಕೂಡಲೇ ಬರೆದು ಮುದ್ರಿಸಿ, ಅದರ ಮೊದಲ ಸಾಲಿನಲ್ಲೇ ಅವರನ್ನು ಬದುಕಿಸಬೇಕು. ಯಾರೂ ಸತ್ತಿಲ್ಲವೆಂದ ಮೇಲೆ ಸಾವಿನ ಗಂಟೆ ಬರೀ ಗಂಟೆಯಾಗುತ್ತದೆ, ಬರೀ ಗಂಟೆಗೆ ಯಾರ ಕೆಲಸವೂ ಹೋಗುವುದಿಲ್ಲ. ಮೂಳೆ ಹೊರಬರಲು ಬೆನ್ನಿಗೆ ಒಂದು ಗುದ್ದು ಸಾಕು. ತಮ್ಮ ಪಾತ್ರಗಳಲ್ಲಿ ಯಾರಿಗೂ ಅಷ್ಟು ಶಕ್ತಿಯಿಲ್ಲವಾದರೆ ಸ್ಟಾಕ್ ತನ್ನ ಕೈಯನ್ನು ಕಥೆಯೊಳಗೆ ಎರವಲು ಕೊಡಲು ಸಿದ್ಧನಿದ್ದಾನೆ.

ಇದೆಲ್ಲ ಬರೀ ತಮಾಷೆ, ಬಾತುಕೋಳಿ ತಿಂದು ಸತ್ತವನಿಗೆ ಅಳುವವರು ಹಳ್ಳಿಮುಕ್ಕರು ಎಂದು ತಮ್ಮ ಕಾಫಿಮನೆಯ ಗೆಳೆಯರು ನಗಬಹುದು. ಆದರೆ ಅಳಿಸಲೆಂದೇ ಬರುವವರ ಮುಂದೆ ನಾವು ಎಚ್ಚರವಾಗಿರುತ್ತೇವೆ. ಪಾದ್ರಿಗಳ ಉಪದೇಶಕ್ಕೆ ಇಷ್ಟು ವರ್ಷ ನಮ್ಮಲ್ಲಿ ಯಾರೂ ಅತ್ತಿಲ್ಲ. ತಾವು ನಗಿಸುತ್ತ ಬಂದಿರಿ, ನಾವು ಬಾಗಿಲು ತೆರೆದೇ ಇಟ್ಟಿದ್ದೆವು. ತಪ್ಪು ಹಲ್ಲು ಕಿತ್ತು ರೋಗಿಯ ಜೊತೆ ತಾನೂ ಕೂತು ಅಳುವ ಒಬ್ಬ ಮನುಷ್ಯನನ್ನು ಇಷ್ಟು ಚೆನ್ನಾಗಿ ಹುಟ್ಟಿಸಿದವರಿಗೆ, ಅವನನ್ನು ಇಷ್ಟು ಕೆಟ್ಟದಾಗಿ ಸಾಯಿಸುವ ಅಧಿಕಾರ ಕೊಟ್ಟವರು ಯಾರೆಂದು ಪಾರ್ಲಿಮೆಂಟು ವಿಚಾರಿಸಬೇಕು.

ತಮ್ಮ ತಪ್ಪುಗಳೆಲ್ಲವನ್ನೂ ನೆನಪಿಟ್ಟಿರುವ, ಆದರೂ
ತಮ್ಮ ವಿಶ್ವಾಸಿ,
ಅಮೋಸ್ ಪಿಲ್ಬೀಮ್

ಮರೆತ ಮಾತು: ಪತ್ರ ಮಡಿಸುತ್ತಿದ್ದಾಗ ಪಾದ್ರಿ ಲೇಕಾಕ್ ಅವರು ಖುದ್ದು ನಮ್ಮ ಬಾಗಿಲಿಗೆ ಬಂದರು. ಕಂಕುಳಲ್ಲಿ ಮೂರನೆಯ ಸಂಪುಟ, ಕಣ್ಣು ಕೆಂಪು. ಹೊಸ್ತಿಲಲ್ಲೇ ನಿಂತು, “ಕೀಲಿಕೈ ನಿನ್ನ ಹತ್ರಾನೇ ಇರ್ಲಿ ಪಿಲ್ಬೀಮ್. ಪಾಪ, ಆ ಟಾಪ್ಸೆಲ್ ಹೆಂಗ್ಸಿನ ಗತಿ ಏನಯ್ಯಾ ಇನ್ನು?” ಎಂದರು. ನನಗೆ ಗೊತ್ತಿಲ್ಲವೆಂದೆ. ಅದು ತಿಳಿಯುವವರೆಗೆ ಯಾವ ತೀರ್ಮಾನಕ್ಕೂ ಮನಸ್ಸು ನಿಲ್ಲದೆಂದು ಹೇಳಿ, ಸಭೆಯನ್ನು ನಾಲ್ಕನೆಯ ಸಂಪುಟ ಊರಿಗೆ ಬರುವ ದಿನಕ್ಕೆ ಮುಂದೂಡಿ ಹೋದರು. ಆದ್ದರಿಂದ ಮೇಲೆ ನಾನು ಕೇಳಿದ ತ್ವರೆಯನ್ನು ಗೌರವಪೂರ್ವಕವಾಗಿ ಹಿಂತೆಗೆದುಕೊಳ್ಳುತ್ತೇನೆ. ತಾವು ಹೆಚ್ಚು ಶ್ರಮಪಡಬೇಡಿ, ಎಂದಿನಂತೆಯೇ ಬರೆಯಿರಿ. ತಮ್ಮ ಸೋಮಾರಿತನದ ಮೇಲೆ ನನ್ನ ರೊಟ್ಟಿ ನಿಂತಿದೆ.