ಎಡಗಡೆಯ ಪೆಟ್ಟಿಗೆ ನನ್ನದು

ಊಟ ಆದ ಮೇಲೆ ಒಂದು ತಾಸು ಅಡ್ಡಾಗುವುದನ್ನು ನಾನು ಮದುವೆಯಾದ ವರ್ಷದಿಂದ ಕಾಪಾಡಿಕೊಂಡು ಬಂದವಳು. ಅತ್ತೆ ಇದ್ದಾಗ ಕದ್ದು ಮಲಗುತ್ತಿದ್ದೆ, ಸೊಸೆ ಬಂದ ಮೇಲೆ ರಾಜಾರೋಷವಾಗಿ ಮಲಗುತ್ತಿದ್ದೆ. ಈಗ ಎಪ್ಪತ್ತು ದಾಟಿದ ಮೇಲೆ ಕಣ್ಣು ತೆರೆದುಕೊಂಡು ಫ್ಯಾನು ನೋಡುತ್ತ ಮಲಗಿರುತ್ತೇನೆ. ವಯಸ್ಸಾದಂತೆ ನಿದ್ದೆ ಕಡಿಮೆಯಾಗುತ್ತದೆ ಎಂದು ನಮ್ಮ ಡಾಕ್ಟರು ಸಮಾಧಾನ ಹೇಳುತ್ತಾರೆ. ಅವರ ಪಡಸಾಲೆಯಲ್ಲಿ ಎರಡು ಆಂಪ್ಲಿಫೈಯರ್ ಇಲ್ಲ, ಅದಕ್ಕೆ ಹಾಗೆ ಹೇಳುತ್ತಾರೆ. ದಣಿವಾಗಿದೆ ಎಂದು ಮಗನ ಮುಂದೆ ಅಂದರೆ ಅವನು "ಏನ್ ಮಾಡೀದಿ ದಣಿಯಾಕ?" ಅನ್ನುತ್ತಾನೆ. ಆದ್ದರಿಂದ ಮೊಮ್ಮಗಳು ಹೊಸದಾಗಿ ಕಲಿಸಿಕೊಟ್ಟ ಮೊಬೈಲ್ ಟೈಪಿಂಗಿನಲ್ಲಿ, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ, ನಿಮಗೆ ಹೇಳುತ್ತಿದ್ದೇನೆ. ಇದರಲ್ಲಿ ನನ್ನದೂ ಚೂರು ತಪ್ಪಿದೆ. ಎಷ್ಟು ಚೂರು ಎಂಬುದನ್ನು ಓದಿದ ಮೇಲೆ ನೀವೇ ಅಳೆದುಕೊಳ್ಳಿ.

ಮೊಮ್ಮಗಳು ಶಾಂಭವಿ ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಳೆ. ಕರೆಂಟಿನ ಗಿಟಾರ್ ನುಡಿಸುತ್ತಾಳೆ. ಆ ಗಿಟಾರಿಗೆ ಹೊಟ್ಟೆಯೇ ಇಲ್ಲ, ಬರೀ ಹಲಗೆ. ಆಂಪ್ಲಿಫೈಯರ್ ಎಂಬ ಪೆಟ್ಟಿಗೆಗೆ ಜೋಡಿಸದೆ ನುಡಿಸಿದರೆ ಸೊಳ್ಳೆ ಹಾಡಿದಷ್ಟು ಕೇಳುತ್ತದೆ. ಸೊಳ್ಳೆ ಹಾಡುತ್ತಿದ್ದ ಆ ದಿನಗಳೇ ಸುಖದ ದಿನಗಳೆಂದು ಆಗ ತಿಳಿಯಲಿಲ್ಲ. ಪಿಯುಸಿ ಪಾಸಾದಾಗ ನಾನೇ ಮುಂದೆ ನಿಂತು ಅವಳಿಗೆ ಒಂದು ಆಂಪ್ಲಿಫೈಯರ್ ಕೊಡಿಸಿದೆ. ಹುಡುಗಿ ನನ್ನ ಕೊರಳಿಗೆ ಜೋತುಬಿದ್ದು ಕುಣಿದಳು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಆ ಸಂತೋಷದಲ್ಲಿ ಖಾನಾಪುರದ ಬೀಗತಿಗೆ ಫೋನು ಮಾಡಿ ವರದಿ ಒಪ್ಪಿಸಿದೆ.

ಬೀಗತಿ ಅಂದರೆ ಸೊಸೆ ವಿದ್ಯಾಳ ತಾಯಿ, ಸುಮನಬಾಯಿ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಎರಡರಲ್ಲೂ ನನಗಿಂತ ಸಿಹಿ. ನಮ್ಮ ನಡುವೆ ಜಗಳವೆಂಬುದು ಒಂದು ದಿನವೂ ಆದದ್ದಿಲ್ಲ. ಕೊಡು-ತಗೊಳ್ಳುವುದರಲ್ಲೇ ನಾವು ಎಲ್ಲವನ್ನೂ ತೀರಿಸಿಕೊಳ್ಳುತ್ತೇವೆ. ನಾನು ಒಂದು ಸೀರೆ ಕೊಟ್ಟರೆ ಆಕೆ ಸೀರೆಯ ಜೊತೆ ಕುಪ್ಪಸದ ಖಣವನ್ನೂ ಇಟ್ಟು ಕಳಿಸುತ್ತಾಳೆ. ನಾನು ಉಂಡಿ ಕಳಿಸಿದರೆ ಅದೇ ಡಬ್ಬಿಯಲ್ಲಿ ಉಂಡಿಯೂ ಬಂದು, ಮೇಲೆ ಒಂದು ಚೀಲ ಗೋಡಂಬಿಯೂ ಬರುತ್ತದೆ. ಹೆಣ್ಣಿನ ಕಡೆಯವರು ಕಡಿಮೆ ಬೀಳಬಾರದೆಂಬ ಪದ್ಧತಿ ಅವರದು, ಗಂಡಿನ ಕಡೆಯವರು ಸೋಲಬಾರದೆಂಬ ಚಟ ನಮ್ಮದು. ನನ್ನ ಫೋನು ಮುಗಿದು ತಿಂಗಳಾಗಿರಲಿಲ್ಲ, ಖಾನಾಪುರದಿಂದ ಕಾರಿನಲ್ಲಿ ಇನ್ನೊಂದು ಆಂಪ್ಲಿಫೈಯರ್ ಬಂದಿಳಿಯಿತು. ನನ್ನದಕ್ಕಿಂತ ಒಂದು ಗೇಣು ಎತ್ತರ.

ಈಗ ಹುಡುಗಿಯ ಪಾಡು ನೋಡಿ. ಒಂದು ಗಿಟಾರು, ಎರಡು ಪೆಟ್ಟಿಗೆ, ಇಬ್ಬರು ಅಜ್ಜಿಯರು. ದೊಡ್ಡದನ್ನು ಇಟ್ಟುಕೊಂಡು ನನ್ನದನ್ನು ಮಾಳಿಗೆಗೆ ಏರಿಸುತ್ತಾಳೆಂದು ನಾನು ಮೊದಲ ದಿನವೇ ಮುಖ ಸಣ್ಣದು ಮಾಡಿಕೊಂಡು ಕೂತೆ.

"ಅಜ್ಜಿ, ಮಾರಿ ಯಾಕ ಹಂಗ ಮಾಡ್ಕೊಂಡೀ?"

"ನಂದೇನೈತವಾ, ಇದ್ದದ್ದ ಮಾರಿ. ನಿಮ್ಮ ಆಯಿ ದೊಡ್ಡದ ಕಳಿಸ್ಯಾರ, ಅದನ್ನ ಬಾರಿಸು."

"ನಿಂದು ಬಾರಿಸಿದ್ರ ಆಯಿಗೆ ಬ್ಯಾಸರ, ಆಯಿದು ಬಾರಿಸಿದ್ರ ನಿನಗ ಬ್ಯಾಸರ. ಎರಡೂ ಕೂಡೇ ಬಾರಸ್ತೀನಿ, ಆತಿಲ್ಲೋ?"

ದೊಡ್ಡ ದೊಡ್ಡ ವಾದಕರೆಲ್ಲ ಹಾಗೇ ಮಾಡುತ್ತಾರಂತೆ. ಗಿಟಾರಿನ ವೈರು ಬಂದು ಒಂದು ಪುಟ್ಟ ಡಬ್ಬಿಗೆ ಸೇರುತ್ತದೆ. ಅಲ್ಲಿಂದ ದಾರಿ ಎರಡಾಗುತ್ತದೆ. ಒಂದೊಂದು ದಾರಿಯಲ್ಲೂ ಕಾಲಿನಿಂದ ಒತ್ತುವ ಬಣ್ಣಬಣ್ಣದ ಪೆಡಲುಗಳ ಸಾಲು. ಎಡಗಡೆಯ ಸಾಲು ನನ್ನ ಪೆಟ್ಟಿಗೆಗೆ ಹೋಗುವುದು. ಅಲ್ಲಿಯ ನೀಲಿ ಪೆಡಲು ಒತ್ತಿದರೆ ದನಿ ಬಾವಿಯಲ್ಲಿ ಕೂಗಿದಂತೆ ಹೋಗಿ ಹೋಗಿ ಮರಳಿ ಬರುತ್ತದೆ. ಬಲಗಡೆಯ ಸಾಲು ಬೀಗತಿಯ ಪೆಟ್ಟಿಗೆಯದು. ಅಲ್ಲಿಯ ಕೆಂಪು ಪೆಡಲು ಒತ್ತಿದರೆ ಜಾತ್ರೆಯಲ್ಲಿ ಕೂಗಿ ಗಂಟಲು ಒಡೆದವರ ಹಾಗೆ ದನಿ ಒಡೆದು ಗರ್ಜಿಸುತ್ತದೆ. ಎರಡೂ ಒಟ್ಟಿಗೆ ನುಡಿದರೆ ಮೇಲೆ ತಂಪು, ಕೆಳಗೆ ಬೆಂಕಿ ಅನ್ನುತ್ತಾಳೆ ಅವಳು. ತಂಪೋ ಬೆಂಕಿಯೋ, ಬಾಜು ಮನೆಯವರು ಕಿಟಕಿ ಮುಚ್ಚುವುದಂತೂ ಖರೇ.

ಇದರ ಸೇವೆಯೇ ನನ್ನ ದಣಿವಿನ ಮೂಲ. ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದರೆ ಗುಂಯ್ ಎಂದು ಹುಳ ಕೂತಂತೆ ಸದ್ದು. ಒಂದೇ ಬೋರ್ಡಿಗೆ ಹಾಕಿದರೆ ಸುಮ್ಮನಾಗುತ್ತವೆ, ಆದರೆ ಆ ಬೋರ್ಡಿನ ವೈರು ನನ್ನ ಮಂಚದ ಕೆಳಗೆ ಹಾದು ಬರಬೇಕು. ದಿನಾ ಮಧ್ಯಾಹ್ನ "ಅಜ್ಜಿ, ಕಾಲ ಎತ್ತು", "ಅಜ್ಜಿ, ಆ ಪಿನ್ನು ಚೂರು ಒತ್ತಿ ಹಿಡಿ". ಎಲ್ಲಕ್ಕಿಂತ ಮುಖ್ಯವಾದದ್ದು ಎರಡರ ತೂಕ. ಯಾವುದಕ್ಕೆ ಎಷ್ಟು ದನಿ ಎಂದು ವಾರಗಟ್ಟಲೆ ಹೊಂದಿಸಿ, ಗುಂಡಿ ನಿಲ್ಲಬೇಕಾದ ಜಾಗಕ್ಕೆ ಅವಳ ಅವ್ವನ ಹಣೆಯ ಟಿಕಳಿ ಹಚ್ಚಿದ್ದಳು. ಆಂಪ್ಲಿಫೈಯರುಗಳು ಹಣೆಗೆ ಇಟ್ಟುಕೊಂಡು ಅರಿಶಿನ-ಕುಂಕುಮಕ್ಕೆ ಹೊರಟವರ ಹಾಗೆ ಕಾಣುತ್ತಿದ್ದವು.

ಇಷ್ಟರಲ್ಲಿ ಕಾಲೇಜಿನ ನಾಲ್ಕು ಹುಡುಗಿಯರ ಬ್ಯಾಂಡೊಂದು ಅವಳನ್ನು ಕರೆಯಿತು. ನನ್ನ ಮಗ ಮಹಾಂತೇಶ ಕೇಳಿದ ಕೂಡಲೇ ಹುಬ್ಬು ಗಂಟು ಹಾಕಿದ. ಮನೆಯಲ್ಲಿ ನುಡಿಸುವುದು ಬೇರೆ, ಮಂದಿಯ ಮುಂದೆ ಬೇರೆ. ಕಡೆಗೆ ಒಂದು ತೀರ್ಪು ಕೊಟ್ಟ. "ಖಾನಾಪುರದಾಗ ನಿಮ್ಮ ಆಯಿ ಹೊಸಮನಿ ಗೃಹಪ್ರವೇಶ ಐತಿ. ಅಲ್ಲೆ ನಾಕು ಮಂದ್ಯಾಗ ಬಾರಿಸಿ ತೋರಸು. ಛಲೋ ಆದ್ರ ಬ್ಯಾಂಡಿಗೆ ಹೋಗು. ಮಾನ ಹೋತಂದ್ರ ಡಿಗ್ರಿ ಮುಗಿಯೂತನಾ ಎರಡೂ ಪೆಟಗಿ ಅಟ್ಟಕ್ಕ."

ಹುಡುಗಿ ಅಂದಿನಿಂದ ಅನ್ನ ಸರಿಯಾಗಿ ಉಣ್ಣಲಿಲ್ಲ. ಹದಿನೈದು ದಿನ ಒಂದೇ ವಚನದ ಧಾಟಿಯನ್ನು ಅರೆದಳು. ನನಗಂತೂ ಅದು ಕನಸಿನಲ್ಲೂ ಎರಡು ಕಿವಿಗೆ ಎರಡು ಥರ ಕೇಳತೊಡಗಿತು.

ಗೃಹಪ್ರವೇಶದ ದಿನ ಬೆಳಿಗ್ಗೆ ಕಾರಿನ ಮುಂದಿನ ಸೀಟಿನಲ್ಲಿ ಬೀಗತಿಯ ಪೆಟ್ಟಿಗೆ ಬೆಲ್ಟು ಹಾಕಿಕೊಂಡು ಕೂತಿತು. ಹಿಂದೆ ಸೊಸೆ, ಮೊಮ್ಮಗಳು, ನನ್ನ ಪೆಟ್ಟಿಗೆ, ನಾನು. ತೊಡೆಯ ಮೇಲೆ ಪೆಡಲುಗಳ ಹಲಗೆ. ಖಾನಾಪುರದ ರಸ್ತೆಯ ಒಂದೊಂದು ಉಬ್ಬಿಗೂ ಹುಡುಗಿ "ಅಜ್ಜಿ, ಗಟ್ಟಿ ಹಿಡಿ" ಅನ್ನುವಳು. ನನ್ನನ್ನು ಯಾರು ಹಿಡಿಯಬೇಕು ಎಂದು ಒಬ್ಬರೂ ಕೇಳಲಿಲ್ಲ. ಇಳಿಯುವ ಹೊತ್ತಿಗೆ ಮೊಣಕಾಲು ನನ್ನವೋ ಹಲಗೆಯವೋ ತಿಳಿಯದಂತಾಗಿತ್ತು.

ಬೀಗತಿ ಬಾಗಿಲಲ್ಲೇ ಕೈ ಹಿಡಿದಳು. "ಅಗಂ ಬಾಈ, ಎಷ್ಟ ಸೊರಗೀರಿ ಬೀಗರ! ಬರ್ರಿ, ಕುಂದರ್ರಿ. ನೋಡ್ರಿ, ಎರಡೂ ಪೆಟಗಿ ಹಿಂದ ಒಂದೊಂದು ಕುರ್ಚಿ ಹಾಕ್ಸೇನಿ. ನಿಮ್ಮ ಕಡೆ ನೀವು, ನಮ್ಮ ಕಡೆ ನಾನು."

ಹೋಳಿಗೆ ಊಟ ಮುಗಿದು, ಎಲೆ ಅಡಿಕೆ ಹಂಚಿ, ಪೆಂಡಾಲಿನಲ್ಲಿ ಮಂದಿ ಕುರ್ಚಿ ತಿರುಗಿಸಿಕೊಂಡು ಕೂತರು. ಶಾಂಭವಿ ಇಬ್ಬರು ಅಜ್ಜಿಯರಿಗೂ ಕೈಮುಗಿದು, "ಗುಂಡಿ ಮುಟ್ಟಬ್ಯಾಡ್ರಿ ಮತ್ತ. ಟಿಕಳಿ ಎಲ್ಲೈತಿ ಅಲ್ಲೇ ಇರ್ಲಿ" ಎಂದು ಹೇಳಿ ಶುರು ಮಾಡಿದಳು. ಮೊದಲ ಸಾಲು ಎಷ್ಟು ಚೆಂದ ಬಂತೆಂದರೆ ಹಿಂದೆ ಪಾತ್ರೆ ತೊಳೆಯುತ್ತಿದ್ದವರೂ ಕೈ ನಿಲ್ಲಿಸಿದರು. ಆಮೇಲೆ ಕೆಂಪು ಪೆಡಲು ಒತ್ತಿದಳು. ಬಲಗಡೆಯಿಂದ ಗರ್ಜನೆ ಎದ್ದಿತು. ನನ್ನ ಪೆಟ್ಟಿಗೆಯ ದನಿ ನನಗೆ ಕೇಳಿಸಲೇ ಇಲ್ಲ.

ನಾನು ಕೂತದ್ದು ನನ್ನ ಪೆಟ್ಟಿಗೆಯ ಬೆನ್ನ ಹಿಂದೆ. ಅದರ ಬಾಯಿ ಇದ್ದದ್ದು ಮಂದಿಯ ಕಡೆ. ಬೀಗತಿಯ ಪೆಟ್ಟಿಗೆಯನ್ನು ಚೂರು ಓರೆಯಾಗಿ, ನನ್ನ ಕಡೆ ಮುಖ ಮಾಡಿ ಇಟ್ಟಿದ್ದರು. ಹಿಂದೆ ಕೂತವಳಿಗೆ ತನ್ನದು ಸಣ್ಣ, ಎದುರಿನದು ದೊಡ್ಡ ಕೇಳುವುದು ಸಹಜ ಎಂದು ಈಗ ನಿಮಗೆ ವಿವರಿಸುವಷ್ಟು ಬುದ್ಧಿ ಬಂದಿದೆ. ಆಗ ನನಗೆ ಕಂಡದ್ದು ಒಂದೇ: ಬೀಗತಿಯ ಹಸಿರು ಬಳೆಯ ಕೈ ಆಕೆಯ ಪೆಟ್ಟಿಗೆಯ ಮೇಲಿತ್ತು. ಓಹೋ, ಆಕೆ ಏರಿಸುತ್ತಿದ್ದಾಳೆ! ಸೀರೆಯ ಜೊತೆ ಖಣ ಇಟ್ಟ ಹಾಗೆ ಇಲ್ಲಿಯೂ ಒಂದು ಕೈ ಮೇಲೆ! ನಾನು ಸೆರಗು ಸರಿಪಡಿಸಿಕೊಳ್ಳುವ ನೆವದಲ್ಲಿ ಬಾಗಿ ನನ್ನ ಗುಂಡಿಯನ್ನು ಚೂರು ತಿರುವಿದೆ. ಸಾಲಲಿಲ್ಲ. ಇನ್ನೊಂದು ಚೂರು. ಆಮೇಲೆ ಬೇಜಾರಾಗಿ ತಿರುಗುವಷ್ಟೂ ತಿರುವಿದೆ.

ಅದೇ ಹೊತ್ತಿಗೆ ಹುಡುಗಿ ನೀಲಿ ಪೆಡಲು ಒತ್ತಲು ನನ್ನ ಪೆಟ್ಟಿಗೆಯ ಎದುರು ಬಂದಳು. ದನಿ ಏರಿಸಿದ ಪೆಟ್ಟಿಗೆಯ ಬಾಯಿಗೆ ಗಿಟಾರು ಎದುರಾದರೆ ಅದರ ದನಿ ಅದಕ್ಕೇ ಸುತ್ತಿ ಬಂದು ಕಿರುಚುತ್ತದಂತೆ. ಕೂಂಯ್ ಎಂದು ಒಂದು ಕಿರುಚಾಟ ಎದ್ದಿತು ನೋಡಿ, ನೀಲಿ ಪೆಡಲಿನ ದಯೆಯಿಂದ ಅದು ಹೋಗಿ ಹೋಗಿ ಮರಳಿ ಬಂತು. ಬೀಗರ ಹಿರಿಯ ಕಾಕಾ ಕಿವಿಯ ಮಷೀನು ಕಿತ್ತು ತೊಡೆಯ ಮೇಲೆ ಒಗೆದರು. ಅಡುಗೆಯವರು ಸೌಟು ಹಿಡಿದು ಓಡಿ ಬಂದರು. ಆದರೆ ಹುಡುಗಿ ನಿಲ್ಲಿಸಲಿಲ್ಲ. ದಾರಿ ಎರಡಾಗುವ ಆ ಪುಟ್ಟ ಡಬ್ಬಿಯನ್ನು ಹಿಮ್ಮಡಿಯಿಂದ ಒತ್ತಿ ಎಡಗಡೆಯ ದಾರಿಯನ್ನೇ ಮುಚ್ಚಿಬಿಟ್ಟಳು. ಕಿರುಚಾಟ ನಿಂತಿತು. ಉಳಿದ ವಚನ ಪೂರ್ತಿ ಬೀಗತಿಯ ಪೆಟ್ಟಿಗೆಯೊಂದರಿಂದಲೇ ನಡೆಯಿತು. ನಾನು ಸತ್ತ ಪೆಟ್ಟಿಗೆಯ ಹಿಂದೆ, ಮೊದಲೇ ಸತ್ತವಳ ಹಾಗೆ ಕೂತಿದ್ದೆ.

ಮಂದಿ ಚಪ್ಪಾಳೆ ತಟ್ಟಿದರು. ಮಗ ತಟ್ಟಲಿಲ್ಲ. ನೇರ ನನ್ನ ಪೆಟ್ಟಿಗೆಯ ಹತ್ತಿರ ಬಂದು ಬಾಗಿ ನೋಡಿದ. ಟಿಕಳಿ ಒಂದು ಕಡೆ, ಗುಂಡಿಯ ಗೆರೆ ಇನ್ನೊಂದು ಕಡೆ.

"ಯಾರ ತಿರುವ್ಯಾರ ಇದನ್ನ?" ಎಂದು ಕೇಳಿದ, ನನ್ನನ್ನೇ ನೋಡುತ್ತ.

ಮೊಮ್ಮಗಳು ಗಿಟಾರ್ ಅಪ್ಪಿಕೊಂಡು ನಿಂತಿದ್ದಳು. ನಾನು ಹೌದೆಂದರೆ ಅವನು ಅಷ್ಟು ಜನರ ಮುಂದೆಯೇ ಕೂಗಾಡುತ್ತಾನೆ, ಮಾನ ಹೋಯಿತೆನ್ನುತ್ತಾನೆ, ಪೆಟ್ಟಿಗೆಗಳು ಅಟ್ಟ ಸೇರುತ್ತವೆ. ಮತ್ತೆ ಸೆರಗು ಸರಿಪಡಿಸಿಕೊಳ್ಳತೊಡಗಿದೆ. ಆಗ ಆ ಕಡೆಯಿಂದ ಸಿಹಿ ದನಿ ಬಂತು.

"ನಾನ ತಿರುವಿದೆ, ಅಳ್ಯಾರ. ಬೀಗರ ಪೆಟಗಿ ದನಿ ಸಣ್ಣ ಕೇಳಾಕತ್ತಿತ್ತು, ಏರಸೂಣಂತ ಕೈ ಹಾಕಿದೆ. ಹಾಳಾತೇನ್ರಿ?"

ಇಲ್ಲಿ ನಮ್ಮ ಮಗನ ವಿಷಯ ಒಂದು ಮಾತು ಹೇಳಬೇಕು. ಹೆತ್ತ ತಾಯಿಯ ಮೇಲೆ ದಿನಕ್ಕೆ ನಾಲ್ಕು ಸಲ ರೇಗುವ ಈ ಗಂಡಸು, ಮದುವೆಯಾದ ಇಷ್ಟು ವರ್ಷದಲ್ಲಿ ಅತ್ತೆಯ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆ ಅಂದವನಲ್ಲ. ಅತ್ತೆಯ ಎದುರು ಅಳಿಯ ದನಿ ಏರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಅವನ ಮುಖದಲ್ಲಿ ಸಿಟ್ಟು ಬಂದ ದಾರಿ ಹುಡುಕಿಕೊಂಡು ವಾಪಸು ಹೋಗುವುದನ್ನು ನಾನು ಕಣ್ಣಾರೆ ಕಂಡೆ.

"ಏ, ಇರ್ಲಿ ಬಿಡ್ರಿ ಅತ್ತಿಯವರ. ಏನೂ ಹಾಳಾಗಿಲ್ಲ. ಛಲೋನ ಆತು."

"ಛಲೋ ಆತಲ್ಲ? ಹಂಗಾದ್ರ ಕೂಸು ಬ್ಯಾಂಡಿಗೆ ಹೋಗ್ಲಿ?"

"ಹೋಗ್ಲಿ ಬಿಡ್ರಿ," ಅಂದ ನನ್ನ ಮಗ, ಹಲ್ಲು ಕೀಳಿಸಿಕೊಂಡವನ ಹಾಗೆ.

ಆಕೆಯ ಕುರ್ಚಿಯಿಂದ ನನ್ನ ಪೆಟ್ಟಿಗೆ ಹತ್ತು ಹೆಜ್ಜೆ ದೂರ. ಅಷ್ಟು ದೂರ ಕೈ ಹೇಗೆ ಬಂತೆಂದು ಅತ್ತೆಯನ್ನು ಕೇಳುವ ಅಳಿಯ ಎಲ್ಲಿದ್ದಾನೆ? ಸಂಜೆ ಚಹಾ ಹೊತ್ತಿಗೆ ಅಡುಗೆಮನೆಯಲ್ಲಿ ಇಬ್ಬರೇ ಸಿಕ್ಕಾಗ ನಾನು ಸಣ್ಣ ದನಿಯಲ್ಲಿ ಕೇಳಿದೆ. "ಬೀಗರ, ನಿಮ್ಮ ಕೈ ನಿಮ್ಮ ಪೆಟಗಿ ಮ್ಯಾಲೆ ಇತ್ತಲ್ಲ, ನೀವೂ ಏರಸಾಕತ್ತಿದ್ರೇನು?"

"ಇಲ್ಲ ಬಾಈ! ಥರಥರ ಅಂತಿತ್ತು. ಕೂಸಿನ ಎದಿ ಮುಟ್ಟಿದಂಗ ಅನಸ್ತು, ಅದಕ್ಕ ಕೈ ಇಟ್ಟಿದ್ನಿ." ಸಕ್ಕರೆ ಹಾಕುತ್ತ ಮತ್ತೆ ಅಂದಳು: "ನಿಮ್ಮ ಕೈ ಎಲ್ಲಿತ್ತು ಅಂತ ನಾ ಕೇಳೂದಿಲ್ರಿ."

ಸೀರೆ ಕೊಟ್ಟಿದ್ದರೆ ಸೀರೆ ಕೊಟ್ಟು ತೀರಿಸಬಹುದಿತ್ತು. ಇದಕ್ಕೆ ಏನು ಕೊಡಬೇಕು? ಈಗ ಫೋನಿನಲ್ಲಿ ಆಕೆ ಹೋಳಿಗೆಗೆ ಬೆಲ್ಲ ಇಷ್ಟೇ ಸಾಕು ಅಂದರೂ ಹೌದ್ರಿ ಅನ್ನುತ್ತೇನೆ, ನಮ್ಮ ಬೆಳಗಾವಿಗಿಂತ ಖಾನಾಪುರದ ಹವೆ ಛಲೋ ಅಂದರೂ ಹೌದ್ರಿ ಅನ್ನುತ್ತೇನೆ. ಹೌದು ಹೌದು ಅನ್ನುವುದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಹುಡುಗಿ ಈಗ ಬ್ಯಾಂಡಿನವಳು. ಮೊನ್ನೆ ಹೊಸದಾಗಿ ಎಲ್ಲ ಜೋಡಿಸುವಾಗ ನೋಡಿದೆ, ನನ್ನ ಪೆಟ್ಟಿಗೆಯ ಗುಂಡಿಯ ಮೇಲೆ ಅಗಲವಾದ ಕರಿ ಟೇಪು ಸುತ್ತಿದ್ದಳು. ಬೀಗತಿಯ ಪೆಟ್ಟಿಗೆಗೆ ಇಲ್ಲ.

"ಇದೇನವಾ, ನನ್ನದಕ್ಕಷ್ಟ? ತಿರುವಿದಾಕಿ ನಿಮ್ಮ ಆಯಿ ಅಲ್ಲೇನು?"

"ಹೌದಜ್ಜಿ," ಅಂದಳು ಶಾಂಭವಿ ವೈರು ಸುತ್ತುತ್ತ, ತಲೆ ಎತ್ತದೆ. "ಆಯಿ ಏನರೆ ಬೆಳಗಾವಿಗೆ ಬಂದ್ರ ಅಂತ."

ಇಂದು ಅವಳು ಕಾಲೇಜಿಗೆ ಹೋದ ಮೇಲೆ ಮೊಣಕಾಲು ಹಿಡಿದುಕೊಂಡು ಬಾಗಿ ಟೇಪಿನ ತುದಿಯನ್ನು ಉಗುರಿನಿಂದ ಚೂರು ಎಬ್ಬಿಸಿ ನೋಡಿದೆ. ಬಿಚ್ಚುತ್ತದೆ.