ಟೋಕಿಯೊದಿಂದ ಹೊರಟ ಹೊಗೆಸೊಪ್ಪಿನ ದಾರ

ನನಗೆ ಬೆಂಕಿ ನೋಡಿಕೊಳ್ಳುವುದು ಬರುವುದಿಲ್ಲ ಎಂದು ನನ್ನ ಹೆಂಡತಿ ಜಯಮ್ಮ ಹುಣಸೂರು ತಾಲ್ಲೂಕಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ಅಪವಾದವನ್ನು ಅಳಿಸಿಹಾಕುವ ಸುವರ್ಣಾವಕಾಶ ಈ ಸಲ ಒದಗಿತು. ಪಿರಿಯಾಪಟ್ಟಣದಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಕೋಣೆಯ ಒಲೆಗೆ ಅವತ್ತೇ ಬೆಂಕಿ ಹಾಕಿದ್ದೆವು.

"ಸೊಪ್ಪು ಹಳದಿ ತಿರುಗೋಗಂಟ ಸಣ್ಣ ಉರಿ ಕಣ್ರೀ. ಕಿಂಡೀಲಿ ಥರ್ಮಾಮೀಟರ್ ನೋಡ್ತಾ ಇರಿ. ನೂರು ಡಿಗ್ರಿ ದಾಟುದ್ರೆ ಎಲ್ಲಾ ಕರ್ರಗಾಯ್ತದೆ. ಮೂರು ತಿಂಗಳ ಬೆವರು ಅದು," ಎಂದಳು.

"ನಿಶ್ಚಿಂತೆಯಿಂದ ಹೋಗಿ ಬಾ," ಎಂದೆ.

ಅವಳು ಬಸ್ಸು ಹತ್ತಿದ ಮೇಲೆ ಪಕ್ಕದ ಜಮೀನಿನ ಪುಟ್ಟಸ್ವಾಮಿ ಬಂದು ಜಗಲಿಯಲ್ಲಿ ಕೂತ. ಮೇಲೊಂದು ವಿಮಾನ ಬಿಳಿ ಗೆರೆ ಎಳೆದುಕೊಂಡು ಹೋಗುತ್ತಿತ್ತು. ನಾವಿಬ್ಬರೂ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದ್ದರಿಂದ ಆ ವಿಷಯದಲ್ಲಿ ನಮಗೆ ಖಚಿತವಾದ ಅಭಿಪ್ರಾಯಗಳಿವೆ.

"ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ವಿಮಾನ ಎಷ್ಟು ದೂರ ಹಾರ್ಬೇಕು, ಹೇಳ್ಲಾ ನೋಡಾನ. ಫೋನ್ ಮುಟ್ಟಂಗಿಲ್ಲ," ಎಂದು ಸವಾಲು ಹಾಕಿ ಅವನು ದನಗಳಿಗೆ ನೀರು ಕುಡಿಸಲು ಹೋದ.

ಮಗಳ ಪ್ರಪಂಚದ ನಕ್ಷೆ ಗೋಡೆಯ ಮೇಲೇ ಇತ್ತು. ಸೊಪ್ಪು ಕಟ್ಟುವ ದಾರ ತಂದೆ. ನಕ್ಷೆಯ ಬಲತುದಿಯಲ್ಲಿ ಟೋಕಿಯೊ, ಎಡತುದಿಯಲ್ಲಿ ಲಾಸ್ ಏಂಜಲೀಸ್. ದಾರ ಹಿಡಿದು ಹೊರಟೇಬಿಟ್ಟೆ. ಚೀನಾ ದಾಟುವಷ್ಟರಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ಕಿಟಕಿ ಪಕ್ಕದ ಸೀಟು. ಕೆಳಗೆ ಹತ್ತಿ ಹಿಂಜಿ ಹರವಿದ ಹಾಗೆ ಮೋಡ. ಮರುಭೂಮಿಯ ಮೇಲೆ ಯಾರೋ ಟೀ ಕೊಟ್ಟರು. ಎಷ್ಟು ಹಾಯಾಗಿತ್ತೆಂದರೆ, ಇಳಿಯುವುದೇ ಬೇಡ ಅನ್ನಿಸಿತು. ಹಾಗೆಂದು ನಾನು ಕರ್ತವ್ಯ ಮರೆಯುವವನಲ್ಲ. ಒಂದೊಂದು ದೇಶ ದಾಟಿದಾಗಲೂ ಎದ್ದುಹೋಗಿ ಒಲೆಗೆ ಒಂದೊಂದು ಸೌದೆ ತುಂಡು ತಳ್ಳಿ ಬಂದೆ. ಯುರೋಪಿನಲ್ಲಿ ದೇಶಗಳು ಬಹಳ ಒತ್ತೊತ್ತಾಗಿವೆ.

ಸಂಜೆಗೆ ಅಟ್ಲಾಂಟಿಕ್ ದಾಟಿ ಇಳಿದೆ. ದಾರ ಅಳೆದೆ, ನಕ್ಷೆಯ ಮೂಲೆಯಲ್ಲಿದ್ದ ಅಳತೆ ನೋಡಿ ಗುಣಿಸಿದೆ. ಪುಟ್ಟಸ್ವಾಮಿ ವಾಪಸು ಬಂದ ಕೂಡಲೇ, "ಇಪ್ಪತ್ತಾರು ಸಾವಿರ ಕಿಲೋಮೀಟರ್!" ಎಂದು ಘೋಷಿಸಿದೆ.

ಅವನು ಗೋಡೆಯಿಂದ ನಕ್ಷೆ ಬಿಚ್ಚಿ, ಸುರುಳಿ ಸುತ್ತಿ, ಎರಡು ಅಂಚನ್ನೂ ಸೇರಿಸಿದ. ಎರಡು ಊರಿಗೂ ನಡುವೆ ಒಂದೇ ಒಂದು ಸಮುದ್ರ.

"ಭೂಮಿ ಗುಂಡ್ಗದೆ ಕಣ್ಲಾ. ಎದುರುಮನೆಗೆ ಓಗಕ್ಕೆ ಊರೆಲ್ಲಾ ಸುತ್ಕಂಡು ಬಂದಿದ್ದೀಯ," ಎಂದು ಫೋನ್ ತೋರಿಸಿದ. ಒಂಬತ್ತು ಸಾವಿರವೂ ಇರಲಿಲ್ಲ.

ಅಷ್ಟರಲ್ಲಿ ಜಯಮ್ಮ ಬಂದಳು. ಅಂಗಳದಲ್ಲೇ ಮೂಗರಳಿಸಿ, ಕೈಲಿದ್ದ ಚೀಲ ಬಿಟ್ಟು ಕಿಂಡಿಗೆ ಓಡಿದಳು. ನೂರ ನಲವತ್ತು. ಬಾಗಿಲು ತೆಗೆದರೆ ಸೊಪ್ಪೆಲ್ಲ ಬೆಂದು ಕರ್ರಗಾಗಿತ್ತು. ಒಂದು ಎಲೆ ಕಿತ್ತು ನೋಡುತ್ತಾ ಹೊಸ್ತಿಲ ಮೇಲೆ ಕುಸಿದು ಕೂತಳು. ಪುಟ್ಟಸ್ವಾಮಿ ನನ್ನ ಕೈಲಿದ್ದ ದಾರ ತೋರಿಸಿ ನಡೆದದ್ದನ್ನೆಲ್ಲ ಅವಳಿಗೆ ಹೇಳಿದ.

"ಜಪಾನಿಂದ ಅಮೆರಿಕಾಗಂಟ ಅಳೆದ್ರಿ. ಒಲೆಯಿಂದ ಈ ಕಿಂಡಿಗೆ ಆರೇ ಎಜ್ಜೆ. ಅದ ಅಳೆಯಕ್ಕಾಗ್ನಿಲ್ವ?" ಎಂದಳು.

ಸುಮ್ಮನಿರಬೇಕಿತ್ತು. ನಾನು ಹೆಜ್ಜೆ ಹಾಕಿ ನೋಡಿ, "ಏಳು" ಅಂದೆ.