ಅಪ್‌ಡೇಟ್ ಬಟನ್ನೂ ನಮ್ಮ ಮುದಲಾಳಿಯೂ

ವೆಬ್‌ಸೈಟ್ ನೋಡಿಕೊಳ್ಳೋ ಕೆಲಸದಲ್ಲಿ ದಿನಾ ನಗೋದಕ್ಕೆ ಏನಿರುತ್ತೆ ಅಂತ ನಮ್ಮಮ್ಮ ಕೇಳ್ತಾಳೆ. ಅವಳಿಗೆ ನಮ್ಮ ಮುದಲಾಳಿ ಗೊತ್ತಿಲ್ಲ. ಇಲ್ಲಿ ಯಜಮಾನರನ್ನ ಹಾಗೇ ಕರೆಯೋದು. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ, ಮನೆಮಾತು ಕನ್ನಡ, ಬೈಯೋದು ಮಾತ್ರ ತಮಿಳಿನಲ್ಲಿ. ಶರವಣಂಪಟ್ಟಿಯ ಐಟಿ ಕಂಪನಿ ನೌಕರಿ ಬಿಟ್ಟು ಸ್ವಂತಕ್ಕೆ ಇಳಿದ ನನಗೆ ಅವರೊಬ್ಬರೇ ಗಿರಾಕಿ. ಅವರು ಕೈಬಿಟ್ಟರೆ ನಾನು ವಾಪಸ್ ನಮ್ಮೂರು ತುಮಕೂರಿನ ಬಸ್ ಹತ್ತಬೇಕು.

ವೆಬ್‌ಸೈಟಿಗೆ ಥೀಮ್ ಅಂತ ಒಂದು ರೆಡಿಮೇಡ್ ಉಡುಪು ಇರುತ್ತೆ. ನನಗಿಂತ ಮುಂಚೆ ಇದ್ದ ಪುಣ್ಯಾತ್ಮ, ಮುದಲಾಳಿ ಕೇಳಿದ್ದಕ್ಕೆಲ್ಲ ಕೋಡ್ ಬರೆದು ಆ ಥೀಮಿನೊಳಗೇ ತುರುಕಿದ್ದ. ಅಪ್‌ಡೇಟ್ ಒತ್ತಿದರೆ ಹೊಸ ಥೀಮ್ ಬಂದು ಅದೆಲ್ಲ ಗೋವಿಂದ. "ಬೇರೆ ಫೋಲ್ಡರಿಗೆ ಸಾಗಿಸಿಡ್ತೀನಿ ಸಾರ್, ಅಲ್ಲಿವರೆಗೂ ಮುಟ್ಟಬೇಡಿ" ಅಂದಿದ್ದೆ.

ಹಾರದೊಳಗಿನ ಬಿಳಿಯ

ಮುಟ್ಟಿದರು. "ಅಪ್‌ಡೇಟ್ ಮೇಲಿನ ಆ ಕೆಂಪು ಚುಕ್ಕೆ ಕಣ್ಣು ಕುಕ್ಕುತ್ತೆ ಅಮ್ಮಾ!" ಅಂದರು ನನಗೆ.

ಮೊದಲ ಪುಟದಲ್ಲಿ ಅವರಪ್ಪನ ಫೋಟೋ ಇತ್ತು, ಅದಕ್ಕೊಂದು ಗಂಧದ ಹಾರ. ಫೋಟೋದ ಕೋಡ್ ಥೀಮಿನೊಳಗಿತ್ತು, ಹೋಯಿತು. ಹಾರದ್ದು ಬೇರೆ ಕಡೆ ಇತ್ತು, ಉಳೀತು. ಥೀಮಿನವರು ಮಾದರಿಗೆ ಇಟ್ಟಿದ್ದ, ಕಾಫಿ ಕಪ್ ಹಿಡಿದು ಹಲ್ಲು ಕಿರಿಯೋ ಬಿಳಿಯನೊಬ್ಬ ಬಂದು ಹಾರದೊಳಗೆ ಕೂತ. ಮುದಲಾಳಿಯ ಹೆಂಡತಿ ಫೋನಿನಲ್ಲಿ ಕಿರುಚಿದರು, "ಮಾವನ ಜಾಗದಲ್ಲಿ ಯಾವನಮ್ಮಾ ಈ ವೆಳ್ಳೈಕ್ಕಾರ?"

ನಾನು ಸರಿಮಾಡೋ ಅಷ್ಟರಲ್ಲಿ ಈರೋಡಿನ ನೂಲಿನ ವ್ಯಾಪಾರಿ ಮುದಲಾಳಿಗೆ ಸಂತಾಪ ಹೇಳಿಬಿಟ್ಟಿದ್ದ: "ನಿಮ್ಮ ಫಾರಿನ್ ಪಾರ್ಟ್‌ನರ್ ಹೋಗ್ಬಿಟ್ರಂತೆ. ಪಾಪ, ಸಣ್ಣ ವಯಸ್ಸು."

ಟೇಪಿನ ಕಾವಲು

ಹಳೇ ಕಾಪಿಯಿಂದ ಎಲ್ಲ ವಾಪಸ್ ತಂದು, ಫೋಟೋ ಕೋಡನ್ನ ಬೇರೆ ಫೋಲ್ಡರಿಗೆ ಸಾಗಿಸಿದೆ. ಒಂದು ಕಷ್ಟದ ಕೋಡ್ ಮಾತ್ರ ಬಾಕಿ ಇತ್ತು. "ಇನ್ನೊಂದು ಸಲ ಒತ್ತಿದ್ರೆ ನಾನು ಜವಾಬ್ದಾರಳಲ್ಲ" ಅಂದೆ.

"ಒತ್ತೋ ಮಾತೇ ಇಲ್ಲ, ಬಂದು ನೋಡು" ಅಂದರು. ಹೋಗಿ ನೋಡಿದರೆ, ಮಾನಿಟರಿನ ಮೇಲೆ ಅಪ್‌ಡೇಟ್ ಬಟನ್ ಕಾಣೋ ಜಾಗಕ್ಕೆ ಡಬ್ಬ ಪ್ಯಾಕ್ ಮಾಡೋ ಟೇಪ್ ಅಂಟಿಸಿದ್ದಾರೆ! ನಾನು ಮೌಸ್ ಚಕ್ರ ತಿರುಗಿಸಿದೆ. ಬಟನ್ ಟೇಪಿನಡಿಯಿಂದ ಜಾರಿ ಮೇಲೆ ಹೋಯಿತು.

ಮುದಲಾಳಿ ಟೇಪನ್ನೇ ದುರುಗುಟ್ಟಿ ನೋಡಿದರು. "ಈ ಗಮ್ ಸರಿಯಿಲ್ಲ."

ರಾಹುಕಾಲದ ಆರ್ಡರ್

ಬಾಕಿ ಇದ್ದ ಕೋಡ್ ಯಾವುದು ಗೊತ್ತಾ? ರಾಹುಕಾಲ ಬಂದ ಕೂಡಲೇ ಆರ್ಡರ್ ಬಟನ್ ಮಾಯ ಮಾಡೋದು! "ರಾಹುಕಾಲದಲ್ಲಿ ಒಂದೇ ಒಂದು ಆರ್ಡರ್ ಒಳಗೆ ಬಂದರೂ ಸೈಟ್ ಬೇರೆಯವರಿಗೆ ಕೊಡ್ತೀನಿ" ಅಂತ ಮೊದಲ ದಿನವೇ ಗುಡುಗಿದ್ದರು.

ಒಳ್ಳೇ ಗಮ್ಮಿನ ಹೊಸ ಟೇಪ್ ಅಂಟಿಸೋವಾಗ ಅವರ ಮೊಣಕೈಯೇ ಮೌಸಿಗೆ ಬಡಿದು ಅಪ್‌ಡೇಟ್ ಒತ್ತಿಕೊಂಡಿತು. ರಾಹುಕಾಲದ ಕೋಡ್ ಹೋಯಿತು. ನನಗೆ ಗೊತ್ತಾಗೋದರೊಳಗೆ ಸೋಮವಾರ ಬೆಳಗ್ಗೆ ಎಂಟಕ್ಕೆ, ರಾಹುಕಾಲದ ನಟ್ಟನಡುವೆ, ದುಬೈಯಿಂದ ಒಂದಿಡೀ ಕಂಟೇನರ್ ಬನಿಯನ್ನಿಗೆ ಆರ್ಡರ್ ಬಂತು. ಮುದಲಾಳಿಯ ಆಫೀಸಿಗೆ ಓಡಿದೆ. ಬಸ್ಸಿನಲ್ಲಿ ದಾರಿಯ ಅವಿನಾಶಿ ಊರು ದಾಟೋ ತನಕ ತುಮಕೂರಿನ ಬಸ್ ಎಷ್ಟೊತ್ತಿಗೆ ಅಂತ ಹುಡುಕ್ತಾ ಇದ್ದೆ.

"ಆ ಆರ್ಡರ್ ಕ್ಯಾನ್ಸಲ್ ಮಾಡಲಾ ಸಾರ್?" ಅಂದೆ.

"ನಿನಗೇನು ಹುಚ್ಚಾ? ಇಲ್ಲಿ ಎಂಟಾದರೆ ದುಬೈಲಿ ಆರೂವರೆ ತಾನೆ? ಅಲ್ಲಿಗೆ ರಾಹು ಇನ್ನೂ ಬಂದೇ ಇಲ್ಲ!"

ಹೋದ ಜೀವ ಬಂತು. "ಹಾಗಾದ್ರೆ ಆ ಕೋಡ್ ಇನ್ನು ಬೇಡ್ವಾ?"

"ಅಯ್ಯಯ್ಯೋ, ಬೇಕು! ಜೋಪಾನವಾಗಿ ಬೇರೆ ಫೋಲ್ಡರಿನಲ್ಲಿಡು, ಯಾವ ಅಪ್‌ಡೇಟಿಗೂ ಹೋಗಬಾರದು." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು. "ಆದ್ರೆ ಹತ್ತು ಪೀಸಿಗಿಂತ ಕಮ್ಮಿ ಕೇಳೋರಿಗೆ ಮಾತ್ರ ರಾಹುಕಾಲ ಹಾಕು."